ರೋಸ್ ಚೇಫರೋ, ನೋಬಲ್ ಚೇಫರೋ: ಯುರೋಪಿನ ಎರಡು ಲೋಹವರ್ಣದ ದುಂಬಿಗಳನ್ನು ಬೇರ್ಪಡಿಸಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಬೇಸಿಗೆಯಲ್ಲಿ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲೋ, ಜರ್ಮನಿ, ಫ್ರಾನ್ಸ್, ಆಸ್ಟ್ರಿಯಾಗಳ ಹಳ್ಳಿಗಾಡಿನಲ್ಲೋ ಓಡಾಡುವವರಿಗೆ, ಹೂಗೊಂಚಲಿನಲ್ಲಿ ತಲೆ ಹುದುಗಿಸಿ ಕುಳಿತ, ಹೊಳೆಯುವ ಹಸಿರಿನ, ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಉದ್ದದ ದುಂಬಿ ಕಾಣಸಿಕ್ಕರೆ ಅದು ಬಹುಪಾಲು ರೋಸ್ ಚೇಫರ್ ಆಗಿರುತ್ತದೆ. ಆದರೆ ಅದೇ ಗಾತ್ರದ, ಅದೇ ಹೊಳಪಿನ, ಅದೇ ಬಗೆಯ ಹೂಗಳಿಗೆ ಬರುವ ಇನ್ನೊಂದು ದುಂಬಿಯೂ ಅಲ್ಲಿದೆ. ಅದು ನೋಬಲ್ ಚೇಫರ್. ಮೊದಲನೆಯದು ತೋಟದ ಗೊಬ್ಬರದ ರಾಶಿಯಲ್ಲೂ ಹುಟ್ಟಿ ಬೆಳೆಯಬಲ್ಲ ಸಾಮಾನ್ಯ ಜೀವಿ. ಎರಡನೆಯದು ಹಳೆಯ ಮರದ ಪೊಟರೆಯನ್ನು ಬಿಟ್ಟು ಬೇರೆಡೆ ಬದುಕಲಾರದ, ಬ್ರಿಟನ್ನಿನಲ್ಲಿ ಅಪರೂಪವೆನಿಸಿ ಸಂರಕ್ಷಣೆಯ ಆದ್ಯತಾ ಪಟ್ಟಿಗೆ ಸೇರಿರುವ ಜೀವಿ. ಹೀಗಾಗಿ ಒಂದನ್ನು ಇನ್ನೊಂದೆಂದು ಬರೆದಿಟ್ಟರೆ ತಪ್ಪು ಹೆಸರಿಗಷ್ಟೇ ಸೀಮಿತವಾಗುವುದಿಲ್ಲ. ಒಂದು ಹಣ್ಣಿನ ತೋಟವನ್ನು ಉಳಿಸಬೇಕೋ ಬೇಡವೋ ಎಂಬ ತೀರ್ಮಾನವೂ ಕೆಲವೊಮ್ಮೆ ಅಂಥ ದಾಖಲೆಯ ಮೇಲೆ ನಿಂತಿರುತ್ತದೆ.

ಈ ಎರಡನ್ನು ಗೊಂದಲವಿಲ್ಲದೆ ಬೇರ್ಪಡಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ. ಯುರೋಪಿನಲ್ಲಿ ಓದುತ್ತಿರುವ, ಕೆಲಸಕ್ಕಿರುವ ಕನ್ನಡಿಗರಿಗೆ ಇದು ನೇರವಾಗಿ ಒದಗುತ್ತದೆ. ಊರಿನಲ್ಲೇ ಕುಳಿತು ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಬೇರೆಯವರ ಚಿತ್ರಗಳನ್ನು ಗುರುತಿಸುವ ಹವ್ಯಾಸವಿರುವವರಿಗೂ ಉಪಯೋಗಕ್ಕೆ ಬರುತ್ತದೆ.

ಎರಡು ಪ್ರಭೇದಗಳ ಪರಿಚಯ

ರೋಸ್ ಚೇಫರ್‌ನ ವೈಜ್ಞಾನಿಕ ಹೆಸರು ಸೆಟೋನಿಯಾ ಔರಾಟಾ; ನೋಬಲ್ ಚೇಫರ್‌ನದು ಗ್ನೋರಿಮಸ್ ನೋಬಿಲಿಸ್. ಎರಡನ್ನೂ 1758ರಲ್ಲಿ ಕಾರ್ಲ್ ಲಿನ್ನೇಯಸ್ ವಿವರಿಸಿದ. ಆಗ ಅವನು ಎರಡನ್ನೂ ಸ್ಕ್ಯಾರಬೇಯಸ್ ಎಂಬ ಒಂದೇ ದೊಡ್ಡ ಕುಲಕ್ಕೆ ಸೇರಿಸಿದ್ದ. ಕುಲಗಳು ಬೇರೆಯಾದದ್ದು ಆಮೇಲೆ. ಇಂದಿನ ವರ್ಗೀಕರಣದಲ್ಲಿ ಎರಡೂ ಸ್ಕ್ಯಾರಬೇಯಿಡೆ ಕುಟುಂಬದ ಸೆಟೋನಿಯಿನೆ ಎಂಬ ಉಪಕುಟುಂಬದವು, ಅಂದರೆ ಹೂದುಂಬಿಗಳ ಬಳಗದವು. ಈ ಬಳಗದ ಸದಸ್ಯರು ನಮ್ಮ ಪಶ್ಚಿಮ ಘಟ್ಟದಲ್ಲೂ ಬಯಲುಸೀಮೆಯಲ್ಲೂ ಇದ್ದಾರೆ. ಬಳಗ ಒಂದಾದರೂ ಪಂಗಡ ಬೇರೆ: ರೋಸ್ ಚೇಫರ್ ಸೆಟೋನಿಯಿನಿ ಪಂಗಡಕ್ಕೂ ನೋಬಲ್ ಚೇಫರ್ ಟ್ರೈಕಿಯಿನಿ ಪಂಗಡಕ್ಕೂ ಸೇರಿದೆ. ಹೊರನೋಟಕ್ಕೆ ಅವಳಿಗಳಂತೆ ಕಂಡರೂ ಮೈಯ ರಚನೆಯಲ್ಲಿ ಇವು ದೂರದ ಸಂಬಂಧಿಗಳೇ ಎಂಬುದು ಈ ಪಂಗಡಭೇದದಿಂದ ತಿಳಿಯುತ್ತದೆ, ಮತ್ತು ಮುಂದಿನ ಹಂತಗಳಲ್ಲಿ ನಾವು ಹುಡುಕಲಿರುವ ಗುರುತುಗಳೆಲ್ಲ ಈ ಭೇದದಿಂದಲೇ ಬಂದವು.

ಜರ್ಮನ್ ಭಾಷಿಕರು ಮೊದಲನೆಯದನ್ನು ರೋಸೆನ್‌ಕೇಫರ್ ಎಂದೂ ಎರಡನೆಯದನ್ನು ಎಡೆಲ್‌ಶಾರ್‌ಕೇಫರ್ ಎಂದೂ ಕರೆಯುತ್ತಾರೆ. ಸ್ಥಳೀಯ ಪುಸ್ತಕಗಳಲ್ಲಿ ಹುಡುಕುವಾಗ ಈ ಹೆಸರುಗಳು ಬೇಕಾಗುತ್ತವೆ.

ಹೊರಡುವ ಮುನ್ನ

ದೊಡ್ಡ ಸಲಕರಣೆಗಳೇನೂ ಬೇಡ. ಹತ್ತಿರದ ಚಿತ್ರ ತೆಗೆಯಬಲ್ಲ ಫೋನ್ ಅಥವಾ ಕ್ಯಾಮೆರಾ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಒಂದು ಸಣ್ಣ ಅಳತೆಪಟ್ಟಿ ಇಷ್ಟಿದ್ದರೆ ಸಾಕು. ಡಬ್ಬಿಯ ತಳ ಗೀರಿಲ್ಲದೆ ಸ್ವಚ್ಛವಾಗಿರಲಿ, ಏಕೆಂದರೆ ದುಂಬಿಯ ಹೊಟ್ಟೆಯ ಭಾಗವನ್ನು ನೋಡಬೇಕಾದುದು ಆ ತಳದ ಮೂಲಕವೇ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ಈ ದುಂಬಿಗಳು ಬಯಸುವ ಬಿಳಿ ಕೊಡೆಯಾಕಾರದ ಹೂಗಳಲ್ಲಿ ಹಾಗ್‌ವೀಡ್ ಮುಖ್ಯವಾದದ್ದು. ಅದರ ದೈತ್ಯ ಸೋದರನಾದ ಜೈಂಟ್ ಹಾಗ್‌ವೀಡ್‌ನ ರಸ ಚರ್ಮಕ್ಕೆ ತಗುಲಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಆಳೆತ್ತರವನ್ನೂ ಮೀರಿ ಬೆಳೆದ, ಕಾಂಡದ ಮೇಲೆ ನೇರಳೆ ಮಚ್ಚೆಗಳಿರುವ ಗಿಡ ಕಂಡರೆ ಅದರ ಮೇಲಿನ ದುಂಬಿಯನ್ನು ದೂರದಿಂದಲೇ ನೋಡಿ. ಇನ್ನೊಂದು, ಎತ್ತರದ ಹುಲ್ಲಿನಲ್ಲಿರುವ, ರಕ್ತ ಹೀರುವ ಉಣ್ಣಿಗಳು. ಅವುಗಳಿಂದ ಲೈಮ್ ರೋಗ ಹರಡುವುದರಿಂದ ಉದ್ದ ಪ್ಯಾಂಟ್ ಧರಿಸಿ, ಮನೆಗೆ ಬಂದ ಮೇಲೆ ಮೈಕೈ ಪರೀಕ್ಷಿಸಿಕೊಳ್ಳಬೇಕು.

ಹಂತ 1: ಈ ಬಳಗದ ದುಂಬಿಯೇ ಎಂದು ಖಚಿತಪಡಿಸಿಕೊಳ್ಳಿ

ಯುರೋಪಿನಲ್ಲಿ ಹಸಿರಾಗಿ ಹೊಳೆಯುವ ದುಂಬಿಗಳು ಹತ್ತಾರು ಇವೆ. ಮಸ್ಕ್ ಬೀಟಲ್‌ಗೆ ದೇಹದಷ್ಟೇ ಉದ್ದದ ಕುಡಿಮೀಸೆಗಳಿರುತ್ತವೆ. ಹಸಿರು ಹುಲಿದುಂಬಿ ನೆಲದ ಮೇಲೆ ಸರಸರ ಓಡುತ್ತದೆ, ಹತ್ತಿರ ಹೋದರೆ ಹಾರಿ ಸ್ವಲ್ಪ ಮುಂದೆ ಕೂರುತ್ತದೆ. ಪುದೀನ ಗಿಡದ ಮೇಲಿನ ಹಸಿರು ಎಲೆದುಂಬಿಗಳು ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ನಮ್ಮ ಬಳಗದ ಗುರುತು ಕುಡಿಮೀಸೆಯ ತುದಿಯಲ್ಲಿದೆ: ಅಲ್ಲಿ ಮೂರು ಪುಟ್ಟ ಎಸಳುಗಳು ಒಂದರ ಮೇಲೊಂದು ಜೋಡಿಸಿದಂತಿದ್ದು, ದುಂಬಿ ವಾಸನೆ ಹಿಡಿಯುವಾಗ ಅವುಗಳನ್ನು ಬಿಡಿಸಿ ಹರಡುತ್ತದೆ.

ಇಲ್ಲಿ ಒಂದು ದುಂಬಿಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಜಪಾನಿ ದುಂಬಿಗೂ ಇದೇ ಎಸಳುಮೀಸೆ, ಇದೇ ಹಸಿರು ಹೊಳಪು. 2014ರಲ್ಲಿ ಉತ್ತರ ಇಟಲಿಯಲ್ಲಿ ಇದು ಕಾಣಿಸಿಕೊಂಡಾಗಿನಿಂದ ಯುರೋಪಿನ ಕೃಷಿ ಇಲಾಖೆಗಳು ಇದರ ಮೇಲೆ ಕಣ್ಣಿಟ್ಟಿವೆ, ಏಕೆಂದರೆ ಇದು ದ್ರಾಕ್ಷಿಯಿಂದ ಹಿಡಿದು ಗುಲಾಬಿಯವರೆಗೆ ಹಲವು ಗಿಡಗಳ ಎಲೆಗಳನ್ನು ಜರಡಿಯಾಗಿಸುತ್ತದೆ. ಜಪಾನಿ ದುಂಬಿಯ ಉದ್ದ ಸುಮಾರು 1 ಸೆಂಟಿಮೀಟರ್ ಮಾತ್ರ. ತಲೆ ಮತ್ತು ಎದೆ ಹಸಿರು, ರೆಕ್ಕೆಕವಚ ತಾಮ್ರದ ಕಂದು. ಹೊಟ್ಟೆಯ ಎರಡೂ ಅಂಚುಗಳಲ್ಲಿ ಐದೈದು ಬಿಳಿ ಕೂದಲಿನ ಕುಚ್ಚುಗಳು, ಹಿಂತುದಿಯಲ್ಲಿ ಇನ್ನೆರಡು. ಈ ಕುಚ್ಚುಗಳನ್ನು ಎಣಿಸದೆ, ಬರಿಯ ಹೊಳಪನ್ನು ನೋಡಿ ಗಾಬರಿಗೊಂಡು ನಿರಪರಾಧಿ ರೋಸ್ ಚೇಫರ್‌ಗಳನ್ನು ಕೊಲ್ಲುವುದು ತೋಟಗಾರರಲ್ಲಿ ನಡೆಯುತ್ತಲೇ ಇದೆ. ಜರ್ಮನಿಯಲ್ಲಿ ರೋಸ್ ಚೇಫರ್ ಕಾನೂನಿನ ರಕ್ಷಣೆ ಪಡೆದ ಪ್ರಭೇದ ಎಂಬುದನ್ನು ಅಲ್ಲಿರುವವರು ನೆನಪಿಡಬೇಕು.

ಹಂತ 2: ಬಣ್ಣವನ್ನು ಪಕ್ಕಕ್ಕಿಡಿ

ಹೊಸಬರು ಮೊದಲು ಹಿಡಿಯುವುದು ಬಣ್ಣವನ್ನೇ. ಈ ಎರಡರ ಮಟ್ಟಿಗೆ ಅದರಷ್ಟು ದುರ್ಬಲವಾದ ಸಾಕ್ಷಿ ಇನ್ನೊಂದಿಲ್ಲ. ಎರಡೂ ಸಾಮಾನ್ಯವಾಗಿ ಹಸಿರು, ಎರಡರಲ್ಲೂ ಚಿನ್ನದ ಅಥವಾ ತಾಮ್ರದ ಛಾಯೆ ಇರಬಹುದು. ರೋಸ್ ಚೇಫರ್‌ನಲ್ಲಂತೂ ಅಪರೂಪಕ್ಕೆ ನೇರಳೆ, ನೀಲಿ, ಕಪ್ಪಿಗೆ ಸಮೀಪದ ಬಣ್ಣಗಳವೂ ಸಿಗುತ್ತವೆ.

ಇದಕ್ಕೆ ಕಾರಣ ಬಣ್ಣ ಹುಟ್ಟುವ ಬಗೆಯಲ್ಲಿದೆ. ರೋಸ್ ಚೇಫರ್‌ನ ಹಸಿರು ಯಾವುದೇ ಹಸಿರು ವರ್ಣದ್ರವ್ಯದಿಂದ ಬಂದದ್ದಲ್ಲ. ಅದರ ಹೊರಕವಚದಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತುವಿನ ಎಳೆಗಳ ಅತಿ ತೆಳು ಪದರಗಳು ಒಂದರ ಮೇಲೊಂದು ಕೂತಿದ್ದು, ಪ್ರತಿ ಪದರವೂ ಕೆಳಗಿನದಕ್ಕಿಂತ ತುಸು ತಿರುಗಿರುತ್ತದೆ. ಒಟ್ಟಾರೆ ಜೋಡಣೆ ಸುರುಳಿಯಾಗುತ್ತದೆ. ಆ ಸುರುಳಿಯ ಒಂದು ಸುತ್ತಿನ ದಪ್ಪ ಎಷ್ಟೆಂಬುದರ ಮೇಲೆ ಯಾವ ಬಣ್ಣ ಪ್ರತಿಫಲಿಸಬೇಕೆಂಬುದು ತೀರ್ಮಾನವಾಗುತ್ತದೆ. ದಪ್ಪ ಅತ್ಯಲ್ಪ ಹೆಚ್ಚಾದರೆ ಹಸಿರು ತಾಮ್ರದತ್ತ ಸರಿಯುತ್ತದೆ, ಕಡಿಮೆಯಾದರೆ ನೀಲಿಯತ್ತ. ನೋಡುವ ಕೋನ ಬದಲಾದರೂ ಬಣ್ಣ ಜರುಗುತ್ತದೆ. ವರ್ಣದ್ರವ್ಯವಲ್ಲದ ಕಾರಣ ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಬಹುಕಾಲ ಕಳೆದ ಮಾದರಿಯೂ ಇಂದು ಹಿಡಿದದ್ದರಂತೆ ಹೊಳೆಯುತ್ತಿರುತ್ತದೆ.

ಈ ಸುರುಳಿಯಿಂದ ಇನ್ನೊಂದು ವಿಚಿತ್ರವೂ ಆಗುತ್ತದೆ. ಪ್ರತಿಫಲಿಸಿದ ಬೆಳಕು ಎಡಗಡೆಗೆ ಸುತ್ತುವ ವೃತ್ತೀಯ ಧ್ರುವೀಕರಣ ಹೊಂದಿರುತ್ತದೆ, ಅಂದರೆ ಬೆಳಕಿನ ಕಂಪನದ ದಿಕ್ಕು ಮುಂದೆ ಸಾಗುತ್ತಾ ತಿರುಪಿನಂತೆ ಸುತ್ತುತ್ತದೆ. ದುಂಬಿಗಳಲ್ಲಿ ಇಂಥದೊಂದು ಗುಣವಿದೆ ಎಂಬುದನ್ನು ಬೆಳಕಿನ ವೇಗವನ್ನು ಅಳೆದು ಹೆಸರಾದ ಆಲ್ಬರ್ಟ್ ಮೈಕೆಲ್ಸನ್ 1911ರಲ್ಲಿ ಅಮೆರಿಕ ಖಂಡದ ಒಂದು ಹೊಂಬಣ್ಣದ ದುಂಬಿಯಲ್ಲಿ ಕಂಡುಕೊಂಡರು. ವೃತ್ತೀಯ ಧ್ರುವೀಕರಣದ ತ್ರೀಡಿ ಸಿನಿಮಾ ಕನ್ನಡಕವಿದ್ದರೆ ನೀವೇ ಪರೀಕ್ಷಿಸಬಹುದು: ಅದನ್ನು ಧರಿಸಿ, ಒಂದೊಂದೇ ಕಣ್ಣು ಮುಚ್ಚಿ ರೋಸ್ ಚೇಫರ್ ನೋಡಿದರೆ, ಒಂದು ಗಾಜಿನಲ್ಲಿ ಹಸಿರಾಗಿ ಕಂಡದ್ದು ಇನ್ನೊಂದರಲ್ಲಿ ಮಸಿಯಂತೆ ಮಂಕಾಗುತ್ತದೆ. ಇದು ನೋಡಿ ಸಂತೋಷಪಡುವುದಕ್ಕೆ ಮಾತ್ರ. ಎರಡು ಪ್ರಭೇದಗಳನ್ನು ಬೇರ್ಪಡಿಸಲು ಇದನ್ನು ಬಳಸಬೇಡಿ.

ಬಿಳಿ ಮಚ್ಚೆಗಳ ಬಗ್ಗೆಯೂ ಇದೇ ಮಾತು. ರೋಸ್ ಚೇಫರ್‌ನ ರೆಕ್ಕೆಕವಚದ ಹಿಂಭಾಗದಲ್ಲಿ ಅಡ್ಡಡ್ಡ ಕೆನೆಬಣ್ಣದ ಗೀರುಗಳಿರುವುದು ಸಾಮಾನ್ಯ. ನೋಬಲ್ ಚೇಫರ್‌ನಲ್ಲಿ ಚದುರಿದ ಸಣ್ಣ ಬಿಳಿ ಚುಕ್ಕೆಗಳಿರಬಹುದು, ಇಲ್ಲದಿರಲೂಬಹುದು. ಎರಡರಲ್ಲೂ ಸವೆದುಹೋದವು ಸಿಗುವುದರಿಂದ ಮಚ್ಚೆಯನ್ನು ನಂಬಿ ತೀರ್ಪು ಕೊಡಲಾಗದು.

ಹಂತ 3: ಸ್ಕ್ಯುಟೆಲ್ಲಮ್ ನೋಡಿ

ಒಂದೇ ಗುರುತನ್ನು ಕಲಿಯಲು ವ್ಯವಧಾನವಿರುವವರು ಇದನ್ನು ಕಲಿಯಬೇಕು. ದುಂಬಿಯನ್ನು ಮೇಲಿನಿಂದ ನೋಡಿದಾಗ ತಲೆಯ ಹಿಂದೆ ಎದೆಯ ಅಗಲವಾದ ಮೇಲ್ಫಲಕವಿರುತ್ತದೆ. ಅದರ ಹಿಂದೆ ಬೆನ್ನನ್ನು ಮುಚ್ಚುವ ಎರಡು ಗಟ್ಟಿ ರೆಕ್ಕೆಕವಚಗಳು ನಡುವಿನ ಗೆರೆಯಲ್ಲಿ ಸೇರಿರುತ್ತವೆ. ಎದೆಫಲಕ ಮತ್ತು ಆ ಎರಡು ಕವಚಗಳು ಸಂಧಿಸುವ ಜಾಗದಲ್ಲಿ, ಸರಿಯಾಗಿ ನಡುಮಧ್ಯೆ, ಒಂದು ಪುಟ್ಟ ತುಂಡು ಬೆಣೆಯಂತೆ ಕೂತಿರುತ್ತದೆ. ಅದೇ ಸ್ಕ್ಯುಟೆಲ್ಲಮ್.

ರೋಸ್ ಚೇಫರ್‌ನಲ್ಲಿ ಇದು ದೊಡ್ಡದು: ತುದಿಯನ್ನು ಹಿಂದಕ್ಕೆ ಚಾಚಿದ ಉದ್ದನೆಯ ಸಮದ್ವಿಬಾಹು ತ್ರಿಕೋನ. ಅದರ ಎರಡು ನೇರ ಬದಿಗಳು ಇಂಗ್ಲಿಷಿನ ವಿ ಅಕ್ಷರದಂತೆ ಸ್ಪಷ್ಟವಾಗಿ ಎದ್ದು ಕಾಣುತ್ತವೆ. ನೋಬಲ್ ಚೇಫರ್‌ನಲ್ಲಿ ಇದು ಚಿಕ್ಕದು, ಉದ್ದ ಮತ್ತು ಅಗಲ ಹೆಚ್ಚುಕಡಿಮೆ ಒಂದೇ, ಬದಿಗಳು ಹೊರಕ್ಕೆ ಬಾಗಿ ದುಂಡಗಾಗಿರುತ್ತವೆ. ಎರಡರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿದವರಿಗೆ ಮುಂದೆಂದೂ ಇದರಲ್ಲಿ ಸಂಶಯ ಉಳಿಯುವುದಿಲ್ಲ.

ತೊಂದರೆ ಬರುವುದು ಚಿತ್ರಗಳಲ್ಲಿ. ಸ್ಕ್ಯುಟೆಲ್ಲಮ್‌ನದೂ ಸುತ್ತಲಿನ ಕವಚದ್ದೂ ಒಂದೇ ಬಣ್ಣವಾದ್ದರಿಂದ, ಬಿಸಿಲಿನ ಹೊಳಪು ನಡುಬೆನ್ನಿನ ಮೇಲೆ ಬಿದ್ದಾಗ ಅದರ ಅಂಚು ಕರಗಿಹೋಗುತ್ತದೆ. ಆಗ ಹಿಂದಿನಿಂದ ಮುಂದಕ್ಕೆ ನೋಡಬೇಕು. ಬಾಲದ ಕಡೆಯಿಂದ ಎರಡು ಕವಚಗಳ ನಡುವಿನ ಗೆರೆಯನ್ನು ಹಿಡಿದು ತಲೆಯ ಕಡೆಗೆ ಕಣ್ಣನ್ನು ಸರಿಸುತ್ತಾ ಹೋದರೆ, ಒಂದು ಕಡೆ ಆ ಗೆರೆ ಕವಲೊಡೆಯುತ್ತದೆ. ಆ ಕವಲೇ ಸ್ಕ್ಯುಟೆಲ್ಲಮ್‌ನ ತುದಿ. ಕವಲು ಎದೆಫಲಕಕ್ಕಿಂತ ಸಾಕಷ್ಟು ಹಿಂದೆಯೇ ಆರಂಭವಾಗಿ ನೇರ ಗೆರೆಗಳಾಗಿ ಬಿಚ್ಚಿಕೊಂಡರೆ ರೋಸ್ ಚೇಫರ್. ಎದೆಫಲಕದ ಹತ್ತಿರ ಬರುವವರೆಗೂ ಕವಲೊಡೆಯದೆ, ಕೊನೆಗೆ ದುಂಡಗೆ ತೆರೆದುಕೊಂಡರೆ ನೋಬಲ್ ಚೇಫರ್.

ಚಿತ್ರ ತೆಗೆಯುವವರು ನೀವೇ ಆಗಿದ್ದರೆ ಫ್ಲ್ಯಾಶ್ ಬಳಸಬೇಡಿ. ನಿಮ್ಮ ಮೈಯ ನೆರಳು ದುಂಬಿಯ ಮೇಲೆ ಬೀಳುವಂತೆ ನಿಂತರೆ ಅಥವಾ ಬಿಳಿ ಕರವಸ್ತ್ರವೊಂದನ್ನು ಬಿಸಿಲಿಗೆ ಅಡ್ಡ ಹಿಡಿದರೆ ಹೊಳಪು ತಗ್ಗಿ ಅಂಚುಗಳು ಮೂಡುತ್ತವೆ. ನೆತ್ತಿಯ ಮೇಲಿನಿಂದ ನೇರವಾಗಿ ತೆಗೆದ ಒಂದು ಚಿತ್ರ, ಓರೆಯಾಗಿ ತೆಗೆದ ಹತ್ತಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಹಂತ 4: ಮೈಕಟ್ಟು ಮತ್ತು ಕವಚದ ಮೇಲ್ಮೈ

ಸ್ಕ್ಯುಟೆಲ್ಲಮ್ ಕಾಣದಿದ್ದಾಗ, ಅಥವಾ ಕಂಡ ಮೇಲೂ ಎರಡನೆಯ ಆಧಾರ ಬೇಕೆನಿಸಿದಾಗ, ದುಂಬಿಯ ಒಟ್ಟು ಆಕಾರಕ್ಕೆ ಬನ್ನಿ. ರೋಸ್ ಚೇಫರ್ ಗಿಡ್ಡನೆಯ, ಅಗಲವಾದ, ಭುಜ ಚೌಕವಾದ ಜೀವಿ. ಅದರ ಎದೆಫಲಕ ತಲೆಯ ಕಡೆ ಕಿರಿದಾಗಿದ್ದು ಹಿಂದಕ್ಕೆ ಬರುತ್ತಾ ಅಗಲವಾಗಿ, ರೆಕ್ಕೆಕವಚಗಳಿಗೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ; ಎದೆಗೂ ಬೆನ್ನಿಗೂ ನಡುವೆ ಸೊಂಟವೇ ಇಲ್ಲದಂತೆ ಕಾಣುತ್ತದೆ. ನೋಬಲ್ ಚೇಫರ್‌ನ ಎದೆಫಲಕ ಕಿರಿದು, ಅದರ ಬದಿಗಳು ದುಂಡಗೆ ಬಾಗಿ ಹಿಂದೆ ಮತ್ತೆ ಒಳಕ್ಕೆ ಸರಿಯುವುದರಿಂದ ಅಲ್ಲೊಂದು ಸ್ಪಷ್ಟವಾದ ಸೊಂಟ ಕಾಣುತ್ತದೆ. ಕಾಲುಗಳೂ ಹೆಚ್ಚು ಉದ್ದ, ತೆಳು. ಹೂವಿನ ಮೇಲೆ ನಡೆಯುವಾಗ ರೋಸ್ ಚೇಫರ್ ಮೈಯನ್ನು ಹೂವಿಗೆ ಒತ್ತಿ ತಳ್ಳಿಕೊಂಡು ಹೋದಂತೆ ಕಂಡರೆ, ನೋಬಲ್ ಚೇಫರ್ ಕಾಲೂರಿ ಮೈಯನ್ನು ಎತ್ತಿ ಹಿಡಿದಂತೆ ಕಾಣುತ್ತದೆ.

ಈಗ ಮಸೂರ ಹಿಡಿದು ಕವಚದ ಮೇಲ್ಮೈ ನೋಡಿ. ರೋಸ್ ಚೇಫರ್‌ನ ಕವಚ ಬಹುಮಟ್ಟಿಗೆ ನುಣುಪು; ಸಣ್ಣ ಸಣ್ಣ ಕುಳಿಗಳೂ ಉದ್ದಕ್ಕೆ ಸಾಗುವ ಮಂದವಾದ ಏಣುಗಳೂ ಇರುತ್ತವೆ. ನೋಬಲ್ ಚೇಫರ್‌ನ ಕವಚ ಇಡಿಯಾಗಿ ಸುಕ್ಕುಗಟ್ಟಿರುತ್ತದೆ, ಚಾಕೊಲೇಟ್ ಸುತ್ತಿದ ಹಸಿರು ಜರಿಕಾಗದವನ್ನು ಮುದುಡಿ ಮತ್ತೆ ಬಿಡಿಸಿ ಹರಡಿದ ಹಾಗೆ. ಈ ಸುಕ್ಕುಗಳಿಂದಾಗಿ ಬೆಳಕು ಒಂದೇ ಕಡೆ ಹೊಳೆಯದೆ ಚೂರುಚೂರಾಗಿ ಮಿನುಗುತ್ತದೆ. ಅನುಭವವಿದ್ದವರು ಕೆಲವು ಹೆಜ್ಜೆ ದೂರದಿಂದಲೇ ಈ ಮಿನುಗನ್ನು ಗುರುತಿಸುತ್ತಾರೆ.

ಹಿಂತುದಿಯನ್ನೂ ಗಮನಿಸಬಹುದು. ನೋಬಲ್ ಚೇಫರ್‌ನಲ್ಲಿ ಕವಚಗಳ ಆಚೆಗೆ ಹೊಟ್ಟೆಯ ಕೊನೆಯ ಫಲಕ ಹೆಚ್ಚಾಗಿ ಹೊರಗೆ ಕಾಣುತ್ತದೆ. ಇದು ಪೂರಕ ಗುರುತು ಮಾತ್ರ.

ಹಂತ 5: ಪಕ್ಕದಿಂದ ನೋಡಿ, ಹಾರುವುದನ್ನು ಕಾಯಿರಿ

ರೋಸ್ ಚೇಫರ್‌ನ ರೆಕ್ಕೆಕವಚದ ಹೊರ ಅಂಚನ್ನು ಪಕ್ಕದಿಂದ ನೋಡಿದರೆ ಭುಜದ ಹಿಂದೆಯೇ ಅದು ಒಳಕ್ಕೆ ಕಚ್ಚಿದಂತೆ ಬಾಗಿರುವುದು ತಿಳಿಯುತ್ತದೆ. ಹಾರುವಾಗ ಹೆಚ್ಚಿನ ದುಂಬಿಗಳು ಕವಚಗಳನ್ನು ಎರಡೂ ಕಡೆ ಎತ್ತಿ ಹಿಡಿಯಬೇಕಾಗುತ್ತದೆ. ರೋಸ್ ಚೇಫರ್‌ಗೆ ಆ ಅಗತ್ಯವಿಲ್ಲ. ಮಡಿಸಿಟ್ಟ ಹಿಂರೆಕ್ಕೆಗಳನ್ನು ಈ ಕಚ್ಚಿನ ಮೂಲಕ ಹೊರಗೆ ಜಾರಿಸಿ, ಬೆನ್ನಿನ ಕವಚಗಳನ್ನು ಮುಚ್ಚಿಕೊಂಡೇ ಹಾರುತ್ತದೆ. ಮೇಲೇಳುವಾಗ ಜೋರಾದ ಗುಂಯ್‌ಗುಟ್ಟುವ ಸದ್ದಾಗುವುದರಿಂದ ದೊಡ್ಡ ಜೇನು ಬಂತೆಂದು ಜನ ತಲೆ ತಗ್ಗಿಸುವುದುಂಟು. ನೋಬಲ್ ಚೇಫರ್‌ನ ಪಂಗಡಕ್ಕೆ ಈ ಕಚ್ಚು ಇಲ್ಲ. ಅದು ಕವಚಗಳನ್ನು ತೆರೆದೇ ಹಾರಬೇಕು.

ಕಚ್ಚಿನ ಜೊತೆಗೇ ಇನ್ನೊಂದು ಗುರುತು ಇರುತ್ತದೆ. ರೋಸ್ ಚೇಫರ್‌ನಲ್ಲಿ ಎದೆಫಲಕದ ಹಿಂಮೂಲೆ ಮತ್ತು ರೆಕ್ಕೆಕವಚದ ಭುಜದ ನಡುವೆ ಒಂದು ಸಣ್ಣ ಮುಕ್ಕೋನ ಫಲಕ ಮೇಲಿನಿಂದಲೇ ಕಾಣುವಂತೆ ತುರುಕಿಕೊಂಡಿರುತ್ತದೆ. ನೋಬಲ್ ಚೇಫರ್‌ನಲ್ಲಿ ಅದು ಮೇಲಿನಿಂದ ಕಾಣುವುದಿಲ್ಲ. ನಡುಬೆನ್ನು ಎಲೆಯಿಂದಲೋ ಹೂವಿನಿಂದಲೋ ಮರೆಯಾಗಿರುವ ಚಿತ್ರಗಳನ್ನು ಗುರುತಿಸುವಾಗ ಈ ಫಲಕ ಹಲವು ಸಲ ಕೈಹಿಡಿಯುತ್ತದೆ.

ಹಂತ 6: ಹೊಟ್ಟೆಯ ಕಡೆ, ಮತ್ತು ಅಲ್ಲಿ ಸಿಗುವ ಮೂರನೆಯವನು

ದುಂಬಿಯನ್ನು ಮೆಲ್ಲಗೆ ಡಬ್ಬಿಗೆ ಇಳಿಸಿ ಮುಚ್ಚಳ ಹಾಕಿ, ಅದು ತಳದ ಮೇಲೆ ನಿಂತಾಗ ಡಬ್ಬಿಯನ್ನು ಎತ್ತಿ ಕೆಳಗಿನಿಂದ ನೋಡಬೇಕು. ಕೈಯಲ್ಲಿ ಹಿಡಿದರೆ ಇವು ಮುಳ್ಳುಗಾಲುಗಳಿಂದ ಬಲವಾಗಿ ತಳ್ಳುತ್ತವೆ, ಹಿಂದಿನಿಂದ ಕಂದು ದ್ರವವನ್ನೂ ಚಿಮ್ಮಿಸುತ್ತವೆ. ಕಚ್ಚುವ ಭಯವಿಲ್ಲ. ಇಂಗ್ಲೆಂಡಿನಲ್ಲಿ ನೋಬಲ್ ಚೇಫರ್ ಎಂಬ ಸಂಶಯವಿದ್ದರೆ ಚಿತ್ರಗಳಷ್ಟೇ ಸಾಕು. ಡಬ್ಬಿಗೆ ಹಾಕಿದರೂ ನೆರಳಿನಲ್ಲಿಟ್ಟು, ಕೆಲವೇ ನಿಮಿಷಗಳಲ್ಲಿ ಅದೇ ಹೂವಿಗೆ ಬಿಡಿ.

ರೋಸ್ ಚೇಫರ್‌ನ ಕೆಳಭಾಗ ತಾಮ್ರದಂತೆ ಹೊಳೆಯುತ್ತದೆ. ನಡುವಿನ ಜೋಡಿ ಕಾಲುಗಳ ಬುಡದ ನಡುವೆ, ಮುಂದಕ್ಕೆ ಚಾಚಿದ ಒಂದು ಗುಂಡನೆಯ ಗುಬುಟು ಇರುತ್ತದೆ. ನೋಬಲ್ ಚೇಫರ್‌ಗೆ ಅಂಥ ಗುಬುಟಿಲ್ಲ. ಇಲ್ಲಿಗೆ ನಮ್ಮ ಎರಡು ಪ್ರಭೇದಗಳ ವಿಚಾರ ಮುಗಿಯಬೇಕಿತ್ತು. ಆದರೆ ಯುರೋಪಿನ ಮುಖ್ಯಭೂಮಿಯಲ್ಲಿರುವವರು ಈ ಗುಬುಟನ್ನು ಇನ್ನೂ ಒಂದು ಕಾರಣಕ್ಕೆ ನೋಡಲೇಬೇಕು, ಏಕೆಂದರೆ ಅಲ್ಲಿ ರೋಸ್ ಚೇಫರ್‌ಗೆ ನೋಬಲ್ ಚೇಫರ್‌ಗಿಂತಲೂ ಹತ್ತಿರದ ಹೋಲಿಕೆಯವರಿದ್ದಾರೆ.

ಪ್ರೋಟೇಷಿಯಾ ಕುಲದ ದುಂಬಿಗಳು ರೋಸ್ ಚೇಫರ್‌ನ ಪಂಗಡದವೇ. ಅವಕ್ಕೂ ದೊಡ್ಡ ತ್ರಿಕೋನ ಸ್ಕ್ಯುಟೆಲ್ಲಮ್, ಅಂಚಿನ ಕಚ್ಚು, ಭುಜದ ಫಲಕ ಎಲ್ಲ ಇವೆ. ಪ್ರೋಟೇಷಿಯಾ ಕ್ಯುಪ್ರಿಯಾ ಎಂಬ ತಾಮ್ರವರ್ಣದ ಪ್ರಭೇದವಂತೂ ಮೇಲಿನಿಂದ ತೆಗೆದ ಚಿತ್ರದಲ್ಲಿ ನುರಿತವರನ್ನೂ ಗೊಂದಲಕ್ಕೆ ಕೆಡವುತ್ತದೆ. ಅದರ ಗುಬುಟು ಗುಂಡಾಗಿರದೆ ಚಪ್ಪಟೆಯಾಗಿ ಅಡ್ಡಕ್ಕೆ ಅಗಲವಾಗಿರುತ್ತದೆ. ಕೆಳಗಿನಿಂದ ನೋಡದೆ ಇದು ತಿಳಿಯದು. ಪ್ರೋಟೇಷಿಯಾ ಸ್ಪೆಸಿಯೊಸಿಸ್ಸಿಮಾ ಗಾತ್ರದಲ್ಲೇ ದೊಡ್ಡದು, ಎರಡೂವರೆ ಸೆಂಟಿಮೀಟರ್ ಆಸುಪಾಸು. ಬಿಳಿ ಮಚ್ಚೆಯಿಲ್ಲದ ಅಪ್ಪಟ ಹಸಿರು ಕನ್ನಡಿಯಂಥ ಮೈ. ಅದರ ಮರಿಗಳು ಹಳೆಯ ಓಕ್ ಮರಗಳ ಪೊಟರೆಗಳಲ್ಲಿ ಬೆಳೆಯುತ್ತವೆ. ಆದ್ದರಿಂದ ಮೇಲಿನ ಹಂತಗಳಲ್ಲಿ ರೋಸ್ ಚೇಫರ್ ಎಂದು ಬಂದ ತೀರ್ಮಾನವನ್ನು ಜರ್ಮನಿ, ಫ್ರಾನ್ಸ್, ಇಟಲಿಗಳಲ್ಲಿ ಕೆಳಭಾಗದ ಚಿತ್ರವಿಲ್ಲದೆ ಅಂತಿಮವೆಂದು ಬರೆಯಬಾರದು. ನೋಬಲ್ ಚೇಫರ್ ಎಂಬ ತೀರ್ಮಾನಕ್ಕೆ ಈ ತೊಡಕು ಇಲ್ಲ.

ಗಂಡು ಹೆಣ್ಣು ತಿಳಿಯಬೇಕೆನ್ನುವವರಿಗೆ: ಗಂಡು ರೋಸ್ ಚೇಫರ್‌ನ ಹೊಟ್ಟೆಯ ಅಡಿಯಲ್ಲಿ ಉದ್ದಕ್ಕೆ ಒಂದು ತಗ್ಗು ಸಾಲು ಇರುತ್ತದೆ, ಗಂಡು ನೋಬಲ್ ಚೇಫರ್‌ನ ನಡುಗಾಲಿನ ಮೊಣಕಾಲಿನ ಕೆಳಭಾಗ ಬಾಗಿರುತ್ತದೆ.

ಹಂತ 7: ಎಲ್ಲಿ, ಯಾವಾಗ, ಯಾವ ಹೂವಿನ ಮೇಲೆ

ಸ್ಥಳ ಮತ್ತು ಕಾಲ ಸಾಕ್ಷಿಗಳಲ್ಲ, ಸಂಭವವನ್ನಷ್ಟೇ ಹೇಳುತ್ತವೆ. ಈ ಹಂತವನ್ನು ಕೊನೆಗಿಟ್ಟಿರುವುದೂ ಅದಕ್ಕೇ: ಮೊದಲೇ ಇದನ್ನು ಮನಸ್ಸಿಗೆ ತಂದುಕೊಂಡವರು ರಚನೆಯನ್ನು ನೋಡದೆಯೇ ತಮಗೆ ಬೇಕಾದುದನ್ನು ನೋಡಿಬಿಡುತ್ತಾರೆ.

ರೋಸ್ ಚೇಫರ್ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೂ ಕಾಣಿಸಿಕೊಳ್ಳುತ್ತದೆ. ಬೆಚ್ಚನೆಯ ಸೀಮೆಗಳಲ್ಲಿ ಇನ್ನೂ ಮುಂಚೆಯೇ. ಗುಲಾಬಿ, ಹಾಥಾರ್ನ್, ಎಲ್ಡರ್, ಕೊಡೆಹೂಗಳು ಯಾವುದಾದರೂ ಆದೀತು; ಪರಾಗ, ಮಕರಂದಗಳ ಜೊತೆಗೆ ಎಸಳನ್ನೂ ಮೇಯುತ್ತದೆ. ನೋಬಲ್ ಚೇಫರ್‌ನ ಕಾಲ ಚಿಕ್ಕದು: ಮುಖ್ಯವಾಗಿ ಜೂನ್, ಜುಲೈ, ಆಗಸ್ಟ್ ತಿಂಗಳ ಬಿಸಿಲಿನ ದಿನಗಳು. ಎಲ್ಡರ್, ಹಾಗ್‌ವೀಡ್, ಮೆಡೋಸ್ವೀಟ್‌ಗಳ ಬಿಳಿ ಗೊಂಚಲುಗಳ ಮೇಲೆ ಅದನ್ನು ಹುಡುಕಬೇಕು. ಹೀಗಾಗಿ ಮೇ ಆರಂಭದಲ್ಲಿ ಲಂಡನ್ನಿನ ಮನೆಯಂಗಳದ ಗುಲಾಬಿಯ ಮೇಲೆ ಕಂಡದ್ದು ನೋಬಲ್ ಚೇಫರ್ ಆಗಿರುವ ಸಂಭವ ಇಲ್ಲವೆಂದೇ ಹೇಳಬಹುದು.

ಇಂಗ್ಲೆಂಡಿನಲ್ಲಿ ನೋಬಲ್ ಚೇಫರ್‌ನ ಮುಖ್ಯ ನೆಲೆಗಳು ವೂಸ್ಟರ್‌ಶೈರ್, ಹೆರೆಫರ್ಡ್‌ಶೈರ್, ಗ್ಲಾಸ್ಟರ್‌ಶೈರ್‌ಗಳ ಹಳೆಯ ಹಣ್ಣಿನ ತೋಟಗಳು, ಮತ್ತು ದಕ್ಷಿಣದ ನ್ಯೂ ಫಾರೆಸ್ಟ್. ತೋಟವೇ ಏಕೆ ಎಂಬುದಕ್ಕೆ ಉತ್ತರ ಮರಗಳ ಆಯಸ್ಸಿನಲ್ಲಿದೆ. ಓಕ್ ಮರದ ಒಡಲು ಟೊಳ್ಳಾಗಲು ಶತಮಾನಗಳೇ ಬೇಕು. ಪ್ಲಮ್, ಸೇಬು, ಚೆರಿ ಮರಗಳು ಬೇಗ ಮುಪ್ಪಾಗಿ, ಕೆಲವೇ ದಶಕಗಳಲ್ಲಿ ಒಳಗೊಳಗೇ ಕೊಳೆತು ಪೊಟರೆಯಾಗುತ್ತವೆ, ಹೊರಗೆ ಮಾತ್ರ ಇನ್ನೂ ಹೂಬಿಟ್ಟು ಹಣ್ಣು ಕೊಡುತ್ತಿರುತ್ತವೆ. ಆ ಪೊಟರೆಯ ಒಳಗೆ ತುಂಬಿದ ಕೊಳೆತ ಮರದ ಪುಡಿಯಲ್ಲಿ ನೋಬಲ್ ಚೇಫರ್‌ನ ಮರಿಹುಳು ಎರಡು ವರ್ಷದಷ್ಟು ಕಾಲ ಬೆಳೆಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಇಂಥ ತೋಟಗಳನ್ನು ಕಡಿದು ಹೊಲವೋ ವಸತಿಯೋ ಮಾಡಿದ್ದೇ ದುಂಬಿ ಅಪರೂಪವಾದುದಕ್ಕೆ ದೊಡ್ಡ ಕಾರಣ. ಯುರೋಪಿನ ಮುಖ್ಯಭೂಮಿಯಲ್ಲಿ, ವಿಶೇಷವಾಗಿ ಆಲ್ಪ್ಸ್ ಸುತ್ತಲಿನ ಬೆಟ್ಟದ ಸೀಮೆಯಲ್ಲಿ, ಅದು ಅಷ್ಟು ಅಪರೂಪವಲ್ಲ.

ಮರಿಹುಳು ಸಿಕ್ಕಿದರೆ

ಗೊಬ್ಬರದ ಗುಂಡಿ ಕೆದಕುವಾಗ ಬೆಳ್ಳಗೆ, ದಪ್ಪಗೆ, ಅರ್ಧಚಂದ್ರದಂತೆ ಮುದುರಿಕೊಂಡ ಗೊಣ್ಣೆ ಹುಳುವನ್ನು ನಮ್ಮ ರೈತರೆಲ್ಲ ನೋಡಿದ್ದಾರೆ. ಕಬ್ಬು, ಅಡಿಕೆಗಳ ಬೇರು ತಿನ್ನುವ ಹುಳುವಿನ ಅನುಭವದಿಂದ ಅದನ್ನು ಕಂಡಕೂಡಲೇ ಕೊಲ್ಲುವ ಅಭ್ಯಾಸವೂ ಇದೆ. ಯುರೋಪಿನ ಮನೆತೋಟದ ಕಾಂಪೋಸ್ಟಿನಲ್ಲಿ ಇಂಥದ್ದು ಕಂಡರೆ ಆ ಅಭ್ಯಾಸವನ್ನು ತುಸು ತಡೆಹಿಡಿಯಿರಿ. ಅದು ಹೆಚ್ಚಾಗಿ ರೋಸ್ ಚೇಫರ್‌ನ ಮರಿ. ಸತ್ತ ಎಲೆ, ಕೊಳೆತ ಮರವನ್ನು ತಿಂದು ಹಿಕ್ಕೆಯಾಗಿ ಗೊಬ್ಬರಕ್ಕೆ ಸೇರಿಸುವುದೇ ಅದರ ಕೆಲಸ. ಜೀವಂತ ಬೇರಿನ ತಂಟೆಗೆ ಹೋಗುವುದಿಲ್ಲ.

ಬೇರು ತಿನ್ನುವ ಕಾಕ್‌ಚೇಫರ್ ಮರಿಯಿಂದ ಇದನ್ನು ಬೇರ್ಪಡಿಸುವುದು ಸುಲಭ. ಕಾಕ್‌ಚೇಫರ್ ಮರಿಗೆ ದೊಡ್ಡ ಕಂದು ತಲೆ, ಉದ್ದ ಕಾಲುಗಳು, ವಾಸ ಹುಲ್ಲುನೆಲದ ಮಣ್ಣಿನಲ್ಲಿ. ರೋಸ್ ಚೇಫರ್ ಮರಿಗೆ ತಲೆ ಚಿಕ್ಕದು, ಕಾಲು ಗಿಡ್ಡ, ಮೈ ಹಿಂದಕ್ಕೆ ಹೋದಷ್ಟೂ ದಪ್ಪ. ಸಮತಟ್ಟಾದ ಹಲಗೆಯ ಮೇಲೆ ಬಿಟ್ಟರೆ ಇದು ಬೆನ್ನಡಿಯಾಗಿ ಮಗುಚಿಕೊಂಡು, ಕಾಲುಗಳನ್ನು ಆಕಾಶಕ್ಕೆತ್ತಿ, ಬೆನ್ನಿನ ಸ್ನಾಯುಗಳನ್ನು ಅಲೆಅಲೆಯಾಗಿ ಹಿಸುಕುತ್ತ ಸಾಕಷ್ಟು ವೇಗವಾಗಿಯೇ ತೆವಳುತ್ತದೆ. ನೋಡಿದ ಮೇಲೆ ಮತ್ತೆ ಗೊಬ್ಬರದೊಳಗೆ ಹೂತುಬಿಡಿ.

ನೋಬಲ್ ಚೇಫರ್‌ನ ಮರಿಯನ್ನು ಹುಡುಕಲು ಹೋಗಬೇಡಿ. ಪೊಟರೆಯ ಪುಡಿಯನ್ನು ಕೆದಕಿ ಹೊರತೆಗೆದರೆ ಅದರೊಳಗಿನ ತೇವ ಮತ್ತು ಪದರಗಳು ಕೆಡುತ್ತವೆ, ವರ್ಷಗಟ್ಟಲೆ ಆದ ವ್ಯವಸ್ಥೆ ಒಂದು ಮಧ್ಯಾಹ್ನದಲ್ಲಿ ಹಾಳಾಗುತ್ತದೆ. ಸಮೀಕ್ಷೆ ಮಾಡುವ ತಜ್ಞರೂ ಪೊಟರೆಯ ಬಾಯಿಯಲ್ಲಿ ಬಿದ್ದಿರುವ ಒಂದೇ ಗಾತ್ರದ ಸಣ್ಣ ಹಿಕ್ಕೆಗಳನ್ನು ನೋಡಿಯೇ ಹೆಚ್ಚಾಗಿ ತೀರ್ಮಾನಿಸುತ್ತಾರೆ. ರೋಸ್ ಚೇಫರ್ ಮರಿಯೂ ಕೆಲವೊಮ್ಮೆ ಪೊಟರೆಯಲ್ಲಿರುವುದರಿಂದ ಅಭ್ಯಾಸವಿಲ್ಲದವರು ಹಿಕ್ಕೆಯಿಂದ ಪ್ರಭೇದ ಹೇಳಲು ಮುಂದಾಗಬಾರದು.

ಒಂದು ಉದಾಹರಣೆ

ಹೆರೆಫರ್ಡ್‌ಶೈರ್‌ನ ತೋಟವೊಂದರಲ್ಲಿ ಜುಲೈ ತಿಂಗಳ ನಡುವಿನಲ್ಲಿ ತೆಗೆದ ಚಿತ್ರ ನಿಮ್ಮ ಮುಂದಿದೆ ಎಂದಿಟ್ಟುಕೊಳ್ಳಿ. ಹಾಗ್‌ವೀಡ್ ಹೂವಿನ ಮೇಲೆ ಹಸಿರು ದುಂಬಿ. ಬೆನ್ನಿನ ಮೇಲೆ ಬಿಸಿಲಿನ ಹೊಳಪು ಬಿದ್ದು ಸ್ಕ್ಯುಟೆಲ್ಲಮ್ ಅಳಿಸಿಹೋಗಿದೆ. ತೋಟ, ತಿಂಗಳು, ಹೂವು ಮೂರೂ ನೋಬಲ್ ಚೇಫರ್ ಎನ್ನುತ್ತಿವೆ. ಆ ಮಾತನ್ನು ಕೇಳಿಸಿಕೊಳ್ಳದೆ ಎದೆಯ ಬುಡಕ್ಕೆ ಬನ್ನಿ. ಎದೆಫಲಕದ ಹಿಂಮೂಲೆ ಅಗಲವಾಗಿ ಭುಜಕ್ಕೆ ಒತ್ತಿಕೊಂಡಿದೆ, ನಡುವೆ ಆ ಸಣ್ಣ ಮುಕ್ಕೋನ ಫಲಕ ಹಣಕುತ್ತಿದೆ. ನಡುಗೆರೆಯನ್ನು ಹಿಂದಿನಿಂದ ಹಿಡಿದು ಬಂದರೆ ಹೊಳಪು ಆರಂಭವಾಗುವ ಮುನ್ನವೇ ಅದು ಕವಲೊಡೆದಿದೆ. ಕವಚ ನುಣುಪಾಗಿದೆ. ಇದು ರೋಸ್ ಚೇಫರ್; ತೋಟದ ಹೆಸರು ಅದನ್ನು ಬದಲಿಸಲಾರದು. ಇದರ ವಿರುದ್ಧದ ಸಂದರ್ಭವೂ ಉಂಟು: ಸ್ವಿಟ್ಜರ್ಲೆಂಡಿನ ಬೆಟ್ಟದ ಹಾದಿಯಲ್ಲಿ ತೆಗೆದ, ತಾಮ್ರ ಬಣ್ಣಕ್ಕೆ ತಿರುಗಿದ ದುಂಬಿಯನ್ನು ಬಣ್ಣ ನೋಡಿ ಪ್ರೋಟೇಷಿಯಾ ಎಂದು ಬರೆಯಲು ಕೈ ಮುಂದಾಗುತ್ತದೆ. ಆದರೆ ಸೊಂಟ ಕಾಣುತ್ತಿದ್ದು, ಕವಚ ಸುಕ್ಕಾಗಿ, ಸ್ಕ್ಯುಟೆಲ್ಲಮ್ ಗಿಡ್ಡವಾಗಿ ದುಂಡಗಿದ್ದರೆ ಅದು ನೋಬಲ್ ಚೇಫರ್.

ದಾಖಲಿಸುವುದು

ದಾಖಲೆಯಲ್ಲಿ ದಿನಾಂಕ, ಆದಷ್ಟು ನಿಖರವಾದ ಸ್ಥಳ, ಕೂತಿದ್ದ ಹೂವು ಅಥವಾ ಮರದ ಹೆಸರು, ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ತೆಗೆದ ಚಿತ್ರಗಳು ಇರಬೇಕು. ನೀವು ಯಾವ ಗುರುತಿನ ಮೇಲೆ ತೀರ್ಮಾನಿಸಿದಿರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆದರೆ ಪರಿಶೀಲಿಸುವವರ ಅರ್ಧ ಕೆಲಸ ಮುಗಿದಂತೆ. ಬ್ರಿಟನ್ನಿನಲ್ಲಿ ಐರೆಕಾರ್ಡ್ ತಾಣಕ್ಕೆ ಸೇರಿಸಬಹುದು. ನೋಬಲ್ ಚೇಫರ್ ಆಗಿದ್ದರೆ, ಹಳೆಯ ಹಣ್ಣಿನ ತೋಟಗಳ ಮತ್ತು ಈ ದುಂಬಿಯ ಸಮೀಕ್ಷೆ ನಡೆಸಿಕೊಂಡು ಬಂದಿರುವ ಪೀಪಲ್ಸ್ ಟ್ರಸ್ಟ್ ಫಾರ್ ಎಂಡೇಂಜರ್ಡ್ ಸ್ಪೀಷೀಸ್ ಸಂಸ್ಥೆಗೂ ತಿಳಿಸಿ. ತೋಟ ಖಾಸಗಿಯದಾಗಿದ್ದರೆ ಒಳಗೆ ಕಾಲಿಡುವ ಮೊದಲು ಮಾಲೀಕರ ಅನುಮತಿ ಕೇಳಿ. ದುಂಬಿಯ ವಿಷಯವನ್ನು ಅವರಿಗೂ ಹೇಳಿ, ಏಕೆಂದರೆ ಮುಂದಿನ ಚಳಿಗಾಲದಲ್ಲಿ ಟೊಳ್ಳುಮರವನ್ನು ಕಡಿದು ಸೌದೆ ಮಾಡಬೇಕೋ ನಿಲ್ಲಿಸಿಕೊಳ್ಳಬೇಕೋ ಎಂದು ನಿರ್ಧರಿಸುವವರು ಅವರೇ. ಗುರುತುಗಳು ಸಾಲದೆ ಹೋದರೆ ಪ್ರಭೇದದ ಹೆಸರನ್ನು ಬಿಟ್ಟು ಸೆಟೋನಿಯಿನೆ ಎಂದಷ್ಟೇ ಬರೆದು ಸೇರಿಸಿ. ಕೆಳಗಿನಿಂದ ತೆಗೆದ ಚಿತ್ರವಿದ್ದರೆ ಉಳಿದದ್ದನ್ನು ಬೇರೆ ಯಾರಾದರೂ ತುಂಬುತ್ತಾರೆ.